ನೋಡಿ ಕೊಡ್ರಿ

ಸಿಂಧನೂರು ಸೀಮೆಯ ನಮ್ಮೂರು ತುರ್ವಿಹಾಳದಲ್ಲಿ ಬೋರ್ಡ್ ಬರೆಯುವವರ ಕೂಲಿ ಯಾವತ್ತೂ ಒಂದು ದರಕ್ಕೆ ನಿಂತದ್ದಿಲ್ಲ. ಭತ್ತದ ಚೀಲಕ್ಕೆ ದರ ಇತ್ತು, ಹಮಾಲಿಗೆ ದರ ಇತ್ತು, ಎಕರೆ ನಾಟಿಗೆ ದರ ಇತ್ತು. ಅಂಗಡಿ ಮುಂದಿನ ಹೆಸರಿಗೆ, ಶಾಲೆ ಗೋಡೆಯ ಭಾರತದ ನಕ್ಷೆಗೆ, ನಾಟಕದ ಪರದೆಗೆ ಇರಲಿಲ್ಲ. ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ ಪೇಂಟರು "ನೋಡಿ ಕೊಡ್ರಿ" ಅನ್ನುತ್ತಿದ್ದರು. ಹೈಸ್ಕೂಲಿನ ದಿನಗಳಲ್ಲಿ ಅಂಥ ಒಬ್ಬರ ಕೈಕೆಳಗೆ ನಾನು ಬಣ್ಣ ಕಲಸಿದೆ. ಆಮೇಲೆ ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆದು ಜೀವನ ನಡೆಸಿದೆ. ಈ ನಡುವೆ ಬ್ರಶ್ ಹೋಗಿ ಕಂಪ್ಯೂಟರ್ ಬಂತು, ಈಗ ಫೋನೇ ಚಿತ್ರ ಬರೆಯುತ್ತದೆ. ಚಿತ್ರ ಬರೆದವರಿಗೆ ಕೊಡುವ ಹಣದ ಮಾತು ಮಾತ್ರ ಆಗ ಹೇಗಿತ್ತೋ ಈಗಲೂ ಹಾಗೇ ಇದೆ.

ನಾನು ಬಣ್ಣ ಕಲಸಿಕೊಟ್ಟ ಆ ಪೇಂಟರನ್ನು ನಾವು ಕಾಕಾ ಅನ್ನುತ್ತಿದ್ದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಹಿಂದೆಯೇ ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಬಂದವು. ಎಲ್ಲಕ್ಕೂ ಹೆಸರು ಬರೆಸಬೇಕು. ಹೀಗಾಗಿ ಕಾಕಾಗೆ ಕೆಲಸ ಇಲ್ಲದ ದಿನ ಕಡಿಮೆ. ಬೆಳಗ್ಗೆ ಗೊಬ್ಬರದ ಅಂಗಡಿಯ ತಗಡು, ಮಧ್ಯಾಹ್ನ ಟ್ರೇಲರ್ ಹಿಂದಿನ ದೇವರ ಹೆಸರು, ರಾತ್ರಿ ಜಾತ್ರೆ ನಾಟಕದ ಅರಮನೆಯ ಪರದೆ. ಮೊಹರಂನಲ್ಲಿ ಹುಲಿ ವೇಷದವರ ಮೈಗೂ ಅವರೇ ಪಟ್ಟೆ ಬರೆಯುತ್ತಿದ್ದರು. ಇಷ್ಟೆಲ್ಲ ಕೆಲಸವಿದ್ದ ಮನುಷ್ಯನ ಕೈಯಲ್ಲಿ ರೊಕ್ಕ ಇರುತ್ತಿರಲಿಲ್ಲ. ಹುಡುಗನಾಗಿದ್ದ ನನಗೆ ಇದು ಅರ್ಥವಾಗದ ವಿಷಯವಾಗಿತ್ತು. ಕುಡಿತವೋ ಇಸ್ಪೀಟೋ ಇದ್ದಿದ್ದರೆ ಊರವರು ಅದನ್ನೇ ಕಾರಣ ಮಾಡುತ್ತಿದ್ದರು. ಅವರಿಗೆ ಎರಡೂ ಇರಲಿಲ್ಲ.

ಒಂದು ಬೋರ್ಡಿನಲ್ಲಿ ಎಷ್ಟು ಕೆಲಸ ಅಡಗಿರುತ್ತದೆ ಎಂಬುದು ಗಿರಾಕಿಗೆ ಕಾಣುತ್ತಿರಲಿಲ್ಲ. ತಗಡು ಉಜ್ಜಿ ತುಕ್ಕು ತೆಗೆದು ರೆಡ್ ಆಕ್ಸೈಡ್ ಬಳಿಯಬೇಕು. ಅದು ಒಣಗಿದ ಮೇಲೆ ಹಳದಿಯೋ ಬಿಳಿಯೋ ಎನಾಮಲ್ ಎರಡು ಸಲ ಹಚ್ಚಬೇಕು. ಧೂಳು ಕೂತರೆ ಮತ್ತೆ ಉಜ್ಜಿ ಮತ್ತೆ ಹಚ್ಚಬೇಕು, ಬೇಸಿಗೆಯಲ್ಲಿ ನಮ್ಮ ಕಡೆ ಧೂಳಿಗೆ ಬರವಿಲ್ಲ. ಆಮೇಲೆ ಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿ ನನ್ನ ಕೈಗೆ, ಇನ್ನೊಂದು ಅವರ ಕೈಯಲ್ಲಿ. ಬಿಗಿಯಾಗಿ ಎಳೆದು ನಡುವೆ ಮೀಟಿದರೆ ತಗಡಿನ ಮೇಲೆ ನೆಟ್ಟಗೆ ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆಗಳ ನಡುವೆ ಚಾಕ್‌ಪೀಸಿನಲ್ಲಿ ಅಕ್ಷರ ಕೂಡಿಸಿ, ದೂರ ನಿಂತು ನೋಡಿ, ಅಳಿಸಿ, ಮತ್ತೆ ಕೂಡಿಸಿದ ಮೇಲಷ್ಟೇ ಬ್ರಶ್ ಬಣ್ಣಕ್ಕೆ ಇಳಿಯುತ್ತಿತ್ತು.

ಕೆಲವು ಅಂಗಡಿಯವರು ಅಕ್ಷರದ ಲೆಕ್ಕದಲ್ಲಿ ಕೊಡುತ್ತೇನೆ ಅನ್ನುತ್ತಿದ್ದರು. ಜಗಳ ಬರುತ್ತಿದ್ದದ್ದು ಒತ್ತಕ್ಷರಗಳಲ್ಲಿ. ತುರ್ವಿಹಾಳ ಅಂದರೆ ಸಾವ್ಕಾರರ ಲೆಕ್ಕಕ್ಕೆ ನಾಲ್ಕು ಅಕ್ಷರ. ಬರೆಯುವವರಿಗೆ 'ವಿ' ಪಕ್ಕದ ಅರ್ಕಾವೊತ್ತು ಇನ್ನೊಂದು ಅಕ್ಷರದ ಜಾಗವನ್ನೇ ಹಿಡಿಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಬಣ್ಣವನ್ನೂ ಕುಡಿಯುತ್ತದೆ. 'ವಸ್ತ್ರಾಲಯ' ಬಂದರೆ ಕೆಳಗೆ ತ-ವತ್ತು, ಅದರ ಕೆಳಗೆ ರ-ವತ್ತು. ಅವೆರಡಕ್ಕೆ ಜಾಗ ಬಿಡಲು ಇಡೀ ಸಾಲನ್ನೇ ಮೇಲಕ್ಕೆ ಎತ್ತಬೇಕು. ಒತ್ತಿಗೆ ಬೇರೆ ಹಣ ಕೇಳಿದರೆ ಸಾವ್ಕಾರರು ಒಪ್ಪುತ್ತಿರಲಿಲ್ಲ. ಬೋರ್ಡಿನ ನೆತ್ತಿಯ ಮೇಲೆ ಬರೆಯುವ ದೇವರ ಹೆಸರಿಗಂತೂ ದುಡ್ಡು ಕೇಳುವುದೇ ತಪ್ಪು ಎಂಬ ಭಾವನೆ ಎರಡೂ ಕಡೆ ಇತ್ತು. ಬಣ್ಣದ ಡಬ್ಬಿಗಳನ್ನು ಕಾಕಾ ಉದ್ರಿ ತರುತ್ತಿದ್ದರು. ಹಣ ಮಾತ್ರ "ಸುಗ್ಗಿ ಆಗ್ಲಿ, ಕೊಡ್ತೀನಿ" ಅನ್ನುವ ಮಾತಿನ ಮೇಲೆ ನಿಲ್ಲುತ್ತಿತ್ತು. ಸುಗ್ಗಿ ಬಂದಾಗ ಕೈಗೆ ಬಂದದ್ದರಲ್ಲಿ ಮೊದಲ ಪಾಲು ಬಣ್ಣದ ಅಂಗಡಿಗೆ ಹೋಗುತ್ತಿತ್ತು. ಉಳಿದದ್ದು ಅವರ ಕೂಲಿ. ಎಷ್ಟು ಉಳಿಯಿತು ಎಂದು ಅವರು ಬರೆದಿಡಲಿಲ್ಲ, ಬರೆದಿಟ್ಟಿದ್ದರೆ ಆ ಕಸುಬನ್ನೇ ಬಿಡುತ್ತಿದ್ದರೇನೋ.

ದರ ಗೊತ್ತುಪಡಿಸದ ಈ ರೂಢಿಗೊಂದು ಹಿನ್ನೆಲೆ ಇದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ನಮ್ಮ ಹಳ್ಳಿಗಳಲ್ಲಿ ಬಡಿಗೇರ, ಕಮ್ಮಾರ, ಕುಂಬಾರ, ಅಗಸರಿಗೆ ಆಯ ಇತ್ತು. ವರ್ಷದ ಕೆಲಸಕ್ಕೆ ಕಣದಲ್ಲಿ ಇಷ್ಟು ಕಾಳು ಎಂಬುದು ಊರಿನ ಕಟ್ಟಳೆ. ಆ ವ್ಯವಸ್ಥೆಯಲ್ಲಿ ಜಾತಿಯ ಬಿಗಿ ಇತ್ತು, ಅವಮಾನವೂ ಇತ್ತು, ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಬಡಿಗೇರನ ಪಾಲಿಗೆ ಎಷ್ಟು ಎಂಬುದು ಇಡೀ ಊರಿಗೆ ಗೊತ್ತಿತ್ತು. ಬೋರ್ಡಿನ ಪೇಂಟರ್ ಅಂಗಡಿಗಳ ಜೊತೆ ಬಂದವನು. ಅವನಿಗೆ ಹಳೆಯ ಆಯವೂ ಇಲ್ಲ, ಹೊಸ ಕಾಲದ ದರಪಟ್ಟಿಯೂ ಇಲ್ಲ. ಕಲೆ ಎಂಬ ದೊಡ್ಡ ಮಾತು ಆಡಿ ಕೂಲಿಯ ಮಾತನ್ನು ತೇಲಿಸಿಬಿಡುವುದು ಎಲ್ಲರಿಗೂ ಸುಲಭವಾಯಿತು. "ನಿನ್ ಕೈಯಾಗ ಸರಸ್ವತಿ ಅದಾಳಪ್ಪಾ" ಎಂದು ಹೊಗಳಿದವರೇ ಅರ್ಧ ಹಣ ಕೊಟ್ಟು ಕಳಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಅದೇ ಊರಲ್ಲಿ ಅದೇ ದಿನಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಹೇಗೆ ಮಾತಾಡುತ್ತಿದ್ದರು ಎಂಬುದನ್ನೂ ಹೇಳಬೇಕು. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಎಲ್ಲರ ಗದ್ದೆಯೂ ಒಂದೇ ಸಲ ಸಿದ್ಧವಾಗುತ್ತಿತ್ತು. ಬೆಳಗಿನ ಜಾವ ಗುಂಪಿನ ಹಿರಿಯಾಕೆ ಬದುವಿನ ಮೇಲೆ ನಿಂತು ಹೇಳುತ್ತಿದ್ದಳು: "ಎಕರೆಗೆ ಇಷ್ಟು ನೋಡ್ರಿ ಗೌಡ್ರ. ಹ್ಞೂಂ ಅಂದ್ರ ಇಳೀತೀವಿ, ಇಲ್ಲಾಂದ್ರ ಬ್ಯಾರೆದಾರ ಹೊಲಕ್ಕ ಹೋಗ್ತೀವಿ." ಗೌಡರು ಚೌಕಾಸಿ ಮಾಡುತ್ತಿದ್ದರು, ಸಿಟ್ಟಾಗುತ್ತಿದ್ದರು, ಕೊನೆಗೆ ಒಪ್ಪುತ್ತಿದ್ದರು. ಮಾತು ಮುಗಿಯುವವರೆಗೆ ಒಬ್ಬ ಹೆಣ್ಣುಮಗಳೂ ಕೆಸರಿಗೆ ಕಾಲಿಡುತ್ತಿರಲಿಲ್ಲ. ಓದು ಬರಹ ಇಲ್ಲದ ಆ ಗುಂಪಿಗೆ ಮೂರು ವಿಷಯ ಗೊತ್ತಿದ್ದವು: ದರವನ್ನು ಮೊದಲು ಹೇಳಬೇಕು, ಎಲ್ಲರೂ ಒಂದೇ ದರ ಹೇಳಬೇಕು, ಒಪ್ಪದಿದ್ದರೆ ಹೊರಟು ಹೋಗಬೇಕು. ಊರಿನ ಎಲ್ಲ ಅಕ್ಷರಗಳನ್ನೂ ಬರೆದ ಕಾಕಾಗೆ ಈ ಮೂರನ್ನು ಯಾರೂ ಹೇಳಿಕೊಡಲಿಲ್ಲ. ಕಸುಬಿನಲ್ಲಿ ಅವರು ಒಂಟಿ. ಸಿಂಧನೂರಿನಲ್ಲಿ ಇನ್ನೂ ಕೆಲವು ಪೇಂಟರುಗಳಿದ್ದರು, ಒಬ್ಬರು ಹೇಳಿದ್ದಕ್ಕಿಂತ ಇನ್ನೊಬ್ಬರು ಕಡಿಮೆ ಹೇಳಿ ಕೆಲಸ ಹಿಡಿಯುತ್ತಿದ್ದರು.

ಚುನಾವಣೆ ಬಂದಾಗ ಮಾತ್ರ ಗೋಡೆ ಬರಹಕ್ಕೆ ನಗದು ಕಾಣುತ್ತಿತ್ತು. ಸಾರ್ವಜನಿಕ ಜಾಗಗಳ ಅಂದಗೆಡಿಸಬಾರದು ಎಂಬ ರಾಜ್ಯದ ಕಾಯ್ದೆ 1981ರದ್ದು, ಆದರೆ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ತೊಂಬತ್ತರ ದಶಕದಲ್ಲಿ ಬಿಗಿ ಮಾಡುವವರೆಗೆ ಖಾಲಿ ಗೋಡೆ ಎಂಬುದೇ ಇರುತ್ತಿರಲಿಲ್ಲ. ಆಮೇಲೆ ಗೋಡೆ ಬರಹ ನಿಂತಿತು, ಕೆಲವು ವರ್ಷಗಳಲ್ಲಿ ಫ್ಲೆಕ್ಸ್ ಬಂತು. ಈಗ ಜಿಲ್ಲಾಡಳಿತ ಅಭ್ಯರ್ಥಿಗಳ ಖರ್ಚು ಲೆಕ್ಕ ಹಾಕಲು ದರಪಟ್ಟಿ ಹೊರಡಿಸುತ್ತದೆ. ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಊಟಕ್ಕೆ ಇಷ್ಟು, ಬ್ಯಾನರಿಗೆ ಚದರ ಅಡಿಗೆ ಇಷ್ಟು. 2021ರ ಏಪ್ರಿಲ್ 17ರಂದು ಮಸ್ಕಿ ಕ್ಷೇತ್ರದ ಉಪಚುನಾವಣೆ ನಡೆದಾಗ ಹೆಸರಿನಲ್ಲೇ ನಮ್ಮೂರು ಇದ್ದ ಬಸನಗೌಡ ತುರ್ವಿಹಾಳ ಕಣದಲ್ಲಿದ್ದರು, ಗೆದ್ದರು. 'ತುರ್ವಿಹಾಳ' ಎಂಬ ಅಕ್ಷರಗಳು ಆ ತಿಂಗಳು ಅಚ್ಚಾದಷ್ಟು ಹಿಂದೆಂದೂ ಅಚ್ಚಾಗಿರಲಿಕ್ಕಿಲ್ಲ. ಅರ್ಕಾವೊತ್ತಿಗೆ ಜಾಗ ಬಿಡುವ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ.

ಸಿಂಧನೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಮ್ಮ ಅಕ್ಕನ ಮಗ ಡಿಸೈನರ್. ಕೋರಲ್‌ಡ್ರಾ, ಫೋಟೋಶಾಪ್ ಎರಡರಲ್ಲೂ ಅವನ ಕೈ ಓಡುತ್ತದೆ. ಹುಟ್ಟುಹಬ್ಬದ ಒಂದು ಬ್ಯಾನರನ್ನು ಅವನು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಮೇಲೆ ಮುಖಂಡರ ಮುಖಗಳು, ನಡುವೆ ಹುಟ್ಟುಹಬ್ಬದವನು, ಕೆಳಗೆ ಶುಭ ಕೋರುವ ಗೆಳೆಯರ ಎರಡು ಸಾಲು. ಫೋಟೋಗಳೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬಂದವು. ಕೆಲವು ಮಸುಕು, ಕೆಲವದರಲ್ಲಿ ಅರ್ಧ ಕಿವಿ ಇಲ್ಲ. ಒಂದೊಂದರ ಕೂದಲಿನ ಅಂಚನ್ನು ದೊಡ್ಡದು ಮಾಡಿಕೊಂಡು ಹಿನ್ನೆಲೆಯಿಂದ ಬಿಡಿಸಬೇಕು. ಮುಗಿಯಿತು ಅನ್ನುವಷ್ಟರಲ್ಲಿ ಫೋನ್ ಬಂತು, ಒಬ್ಬರ ಮುಖ ಇನ್ನೊಬ್ಬರದ್ದಕ್ಕಿಂತ ಚಿಕ್ಕದಾಗಿದೆ, ಅವರಿಗೆ ಬೇಜಾರಾಗುತ್ತದೆ, ಸರಿ ಮಾಡು. ಸರಿ ಮಾಡಿದ. ಮತ್ತೆ ಫೋನ್, ಇನ್ನೊಬ್ಬ ಗೆಳೆಯ ಸೇರಿದ್ದಾನೆ. ರಾತ್ರಿ ಹತ್ತು ದಾಟಿದ ಮೇಲೆ ಮಷೀನಿಗೆ ಹೋಯಿತು. ಬಿಲ್ಲಿನಲ್ಲಿ ಉದ್ದ, ಅಗಲ, ಚದರ ಅಡಿ, ಕಟ್ಟಿಗೆಯ ಫ್ರೇಮು ಇದ್ದವು. ನಿನ್ನ ಕೆಲಸದ್ದು ಎಲ್ಲಿ ಎಂದು ಕೇಳಿದೆ. "ಮಾಮಾ, ರೊಕ್ಕ ಪ್ರಿಂಟಿಗೆ ಐತಿ. ಡಿಸೈನಿಗೆ ಬಿಲ್ಲಿನ್ಯಾಗ ಸಾಲನ ಇಲ್ಲ" ಅಂದ.

ಅವನಿಗೆ ತಿಂಗಳ ಸಂಬಳ ಇದೆ, ಆ ಮಟ್ಟಿಗೆ ಕಾಕಾಗಿಂತ ಮೇಲು. ಆದರೆ ರಾತ್ರಿ ಮನೆಯಲ್ಲಿ ಕೂತು ಸ್ವಂತಕ್ಕೆ ಮಾಡುವ ಲೋಗೋ, ಮದುವೆ ಕಾರ್ಡು, ಯೂಟ್ಯೂಬ್ ಚಾನೆಲ್ಲಿನ ಚಿತ್ರಗಳ ಕಥೆ ಕೇಳಿದರೆ ಕಾಕಾರ ಕಥೆಯನ್ನೇ ಕೇಳಿದ ಹಾಗಾಗುತ್ತದೆ. "ಒಂದ್ ಸಣ್ಣ ಚೇಂಜ್ ಐತಿ ಅಣ್ಣಾ" ಎಂದು ಶುರುವಾಗಿ ಮೊದಲಿನದ್ದೇ ಚೆನ್ನಾಗಿತ್ತು ಎಂಬಲ್ಲಿಗೆ ಮುಗಿಯುವ ತಿದ್ದುಪಡಿಗಳು. ಹಣ ಕೇಳಿದರೆ ಫೋನ್ ಎತ್ತದವರು. ಇತ್ತೀಚೆಗೆ ಇನ್ನೊಂದು ಸೇರಿದೆ. 2025ರ ಮಾರ್ಚಿನಲ್ಲಿ ಜಪಾನಿನ ಸ್ಟುಡಿಯೋ ಘಿಬ್ಲಿಯ ಶೈಲಿಯಲ್ಲಿ ಎಲ್ಲರೂ ತಮ್ಮ ಫೋಟೋ ಬದಲಿಸಿಕೊಂಡ ಹುಚ್ಚು ನೆನಪಿರಬಹುದು. ಆಮೇಲಿಂದ ಗಿರಾಕಿಗಳು ಎಐ ಮಾಡಿದ ಚಿತ್ರವನ್ನು ಫೋನಿನಲ್ಲಿ ತಂದು, ಚಿತ್ರ ನಮ್ಮದೇ ಇದೆ, ಹೆಸರು ಹಾಕಿ ಕೊಡು ಸಾಕು ಅನ್ನುತ್ತಾರಂತೆ. ಎಷ್ಟೋ ಸಲ ಅದರಲ್ಲಿ ಕನ್ನಡದ ಅಕ್ಷರಗಳು ಒಡೆದಿರುತ್ತವೆ, ಕೆಲವೊಮ್ಮೆ ಕೈಗೆ ಆರು ಬೆರಳಿರುತ್ತವೆ. ಅದನ್ನು ತಿದ್ದಲು ಹೊಸದಾಗಿ ಬರೆಯುವಷ್ಟೇ ಹೊತ್ತು ಬೇಕು, ಕೂಲಿ ಮೊದಲಿಗಿಂತ ಕಡಿಮೆ. ಆ ಯಂತ್ರಗಳು ಕಲಿತದ್ದು ಜಗತ್ತಿನ ಸಾವಿರಾರು ಕಲಾವಿದರ ಚಿತ್ರಗಳಿಂದ. ಅವರ ಒಪ್ಪಿಗೆ ಕೇಳದೆ, ಹಣ ಕೊಡದೆ ಕಲಿಸಿದ್ದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಎಐ ಬರುವ ಮೊದಲು, 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಬ್ಯಾನರ್, ಫ್ಲೆಕ್ಸ್‌ಗಳನ್ನೂ ಅದರಲ್ಲಿ ಸೇರಿಸಿತ್ತು. ಕೈಬರಹ ಮರಳುತ್ತದೆ ಎಂದು ಕೆಲವರು ಆಸೆ ಪಟ್ಟರು. ಮರಳಲಿಲ್ಲ, ಫ್ಲೆಕ್ಸೂ ಹೋಗಲಿಲ್ಲ. ಹಳೆಯದು ಮರಳಲಿ ಎಂಬ ಹಂಬಲ ನನಗೆ ಇಲ್ಲ. ಟರ್ಪೆಂಟೈನ್ ವಾಸನೆಯಲ್ಲಿ ಕೆಮ್ಮುತ್ತ ಏಣಿಯ ಮೇಲೆ ಬಿಸಿಲಲ್ಲಿ ನಿಲ್ಲುವ ಬದುಕು ಯಾರ ಮಕ್ಕಳಿಗೂ ಬೇಡ.

ಹಣದ ಜೊತೆ ಹೆಸರಿನ ಪ್ರಶ್ನೆಯೂ ಇದೆ. ಮಸ್ಕಿಯ ಗುಡ್ಡದ ಶಾಸನದ ಬಗ್ಗೆ ನಮ್ಮ ಕಡೆಯವರಿಗೆ ಅಭಿಮಾನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಆ ಬಂಡೆಬರಹದಲ್ಲಿ ಅಶೋಕನ ಹೆಸರು ನೇರವಾಗಿ ಸಿಕ್ಕಿದ್ದರಿಂದ, ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅವನೇ ಎಂಬುದು ಗಟ್ಟಿಯಾಯಿತು. ಆದರೆ ಆ ಅಕ್ಷರ ಬರೆದವರು ಯಾರೆಂದು ಮಸ್ಕಿಯ ಬಂಡೆ ಹೇಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಅಶೋಕನ ಶಾಸನದ ಕೊನೆಗೆ ಬರೆದವನು ಚಪಡ ಎಂಬ ಹೆಸರಿದೆ. ಲಿಪಿಕಾರ ಎಂಬ ತನ್ನ ಕಸುಬನ್ನು ಅವನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಕೆಳಗೆ ತನ್ನ ಹೆಸರು ಹಾಕುವುದು ತನ್ನ ಹಕ್ಕು ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಅವನಿಗೆ ಅನ್ನಿಸಿರಬೇಕು. ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮನಂಥವರು ವಿಗ್ರಹದ ಪೀಠದಲ್ಲೇ ಹೆಸರು ಕೊರೆದರು. ಕಾಕಾ ಬೋರ್ಡಿನ ಬಲಗಡೆಯ ಮೂಲೆಯಲ್ಲಿ ಚಿಕ್ಕದಾಗಿ ಹೆಸರು ಹಾಕುತ್ತಿದ್ದರು. ಅದನ್ನೂ ಅಳಿಸು ಎಂದ ಗಿರಾಕಿಗಳಿದ್ದರು. ಫ್ಲೆಕ್ಸಿನ ಮೂಲೆಯಲ್ಲಿ ಈಗ ಅಂಗಡಿಯ ಫೋನ್ ನಂಬರ್ ಇರುತ್ತದೆ, ಮಾಡಿದ ಹುಡುಗನ ಹೆಸರು ಇರುವುದಿಲ್ಲ.

ಪುಸ್ತಕ ಲೋಕ ಇದಕ್ಕಿಂತ ಭಿನ್ನವಾಗಿರಬಹುದು ಎಂದುಕೊಂಡು ನಾನು ಬೆಂಗಳೂರಿನ ಕಡೆ ಮುಖ ಮಾಡಿದೆ. 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ ಶುರುವಾದ ಮೇಲೆ ಕಥೆಯ ಜೊತೆ ಚಿತ್ರ ಬರುವುದು ಕನ್ನಡ ಓದುಗರಿಗೆ ರೂಢಿಯಾಗಿತ್ತು. ಚಂದ್ರನಾಥ ಆಚಾರ್ಯರ ರೇಖೆಗಳನ್ನು ಕತ್ತರಿಸಿಟ್ಟುಕೊಂಡು ಕಲಿತವರಲ್ಲಿ ನಾನೂ ಒಬ್ಬ. ಪತ್ರಿಕೆಯ ನೌಕರಿಯಲ್ಲಿದ್ದ ಕಲಾವಿದರಿಗೆ ಸಂಬಳವಿತ್ತು. ಹೊರಗಿನಿಂದ ಬರೆಯುವ ನಮ್ಮಂಥವರಿಗೆ ಮುಖಪುಟಕ್ಕೆ ಇಷ್ಟು, ಒಳಚಿತ್ರಕ್ಕೆ ಇಷ್ಟು ಎಂದು ಪ್ರಕಾಶಕರು ಕೊಟ್ಟದ್ದೇ ದರ. ಒಬ್ಬ ಪ್ರಕಾಶಕರು ನನ್ನ ಮುಖಪುಟದ ಪುಸ್ತಕವನ್ನು ಮತ್ತೆ ಮತ್ತೆ ಮುದ್ರಿಸಿದರು. ಮೊದಲ ಮುದ್ರಣಕ್ಕೆ ಕೊಟ್ಟ ಹಣವೇ ಕೊನೆಯದಾಯಿತು. ಅದೇ ಚಿತ್ರ ಇನ್ನೊಂದು ಪುಸ್ತಕದ ಮೇಲೂ, ಮುಖ ಎಡಕ್ಕೆ ತಿರುಗಿಸಿ, ನನ್ನ ಹೆಸರಿಲ್ಲದೆ ಬಂತು. ಕೇಳಿದಾಗ, ದುಡ್ಡು ಕೊಟ್ಟ ಮೇಲೆ ಚಿತ್ರ ನಮ್ಮದಲ್ಲವೇ ಅಂದರು.

ಆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ, ಚಿತ್ರ ಬರೆಯುವ ಪ್ರತಿಯೊಬ್ಬರೂ ಅದನ್ನು ಬಾಯಿಪಾಠ ಮಾಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಮಾಲೀಕ ಅದನ್ನು ರಚಿಸಿದವನೇ. ಆದರೆ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ, ಭಾವಚಿತ್ರದಂಥವುಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮಾಲೀಕರಾಗುತ್ತಾರೆ. ಅಂದರೆ ಒಂದು ಹಾಳೆ ಬರಹವಿಲ್ಲದೆ ಕೆಲಸ ಒಪ್ಪಿಕೊಂಡರೆ ನಷ್ಟ ಕಲಾವಿದನದ್ದು. 19ನೇ ಕಲಂ ನಮ್ಮ ಪರ ಇದೆ: ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು, ಅವಧಿ ಬರೆಯದಿದ್ದರೆ ಅದು 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. 57ನೇ ಕಲಂ ಇನ್ನೂ ಮುಖ್ಯ. ಹಕ್ಕನ್ನೆಲ್ಲ ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ, ಹೆಸರಿಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಅಧಿಕಾರ ಬರೆದವನ ಬಳಿಯೇ ಉಳಿಯುತ್ತದೆ.

ಬಾಕಿ ವಸೂಲಿಗೂ ದಾರಿ ಇದೆ. 2006ರ ಎಂಎಸ್ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಡಿ ಒಂಟಿಯಾಗಿ ದುಡಿಯುವ ಡಿಸೈನರ್ ಕೂಡ ಸೇವೆ ಕೊಡುವ ಕಿರು ಉದ್ಯಮವೇ. ಇಂಥ ಉದ್ಯಮಗಳಿಗೆಂದು ಇರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಡದಿದ್ದರೆ ದೂರು ಕೊಡಲು ಅದೇ ಕಾಯ್ದೆಯಡಿ ಕೌನ್ಸಿಲ್ ಇದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅಕ್ಕನ ಮಗನಿಗೆ ನಾನು ಮೊದಲು ಮಾಡಿಸಿಕೊಟ್ಟದ್ದು ಇದನ್ನೇ.

ಎಷ್ಟು ಕೇಳಬೇಕು ಎಂಬುದಕ್ಕೂ ಲೆಕ್ಕ ಉಂಟು. ಮನೆ ಖರ್ಚು, ಕಂಪ್ಯೂಟರಿನ ಕಂತು, ಕರೆಂಟು, ಇಂಟರ್ನೆಟ್ ಸೇರಿ ತಿಂಗಳಿಗೆ 30,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಗಿರಾಕಿಯ ಜೊತೆ ಮಾತು, ಮಾದರಿ ತೋರಿಸುವುದು, ಬಾಕಿಗಾಗಿ ಅಲೆಯುವುದು ಇವಕ್ಕೆ ಅರ್ಧ ತಿಂಗಳು ಹೋಗುತ್ತದೆ. ಹಣ ಬರುವ ದಿನ 15 ಎಂದರೆ ದಿನಕ್ಕೆ 2,000. ಮೂರು ದಿನ ಹಿಡಿಯುವ ಮುಖಪುಟಕ್ಕೆ 6,000ಕ್ಕಿಂತ ಕಡಿಮೆ ತೆಗೆದುಕೊಂಡರೆ ಮನೆಯ ದುಡ್ಡು ಹಾಕಿ ಇನ್ನೊಬ್ಬರ ಪುಸ್ತಕ ಮಾಡಿಕೊಟ್ಟ ಹಾಗೆ. ಇದರಲ್ಲಿ ಲಾಭವಿನ್ನೂ ಸೇರಿಲ್ಲ, ಮರುಮುದ್ರಣದ ಪಾಲೂ ಸೇರಿಲ್ಲ. ಈ ಲೆಕ್ಕವನ್ನು ಯುವ ಕಲಾವಿದರ ಮುಂದೆ ಇಟ್ಟಾಗ ಅವರು ಅಷ್ಟು ಕೇಳಿದರೆ ಯಾರೂ ಕೊಡುವುದಿಲ್ಲ ಅನ್ನುತ್ತಾರೆ. ಒಬ್ಬನೇ ಕೇಳಿದರೆ ಕೊಡುವುದಿಲ್ಲ, ನಿಜ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಾರಿನ ಜಾಹೀರಾತುಗಳಿಗೆ ಚಿತ್ರ ಬರೆಯುತ್ತಿದ್ದವರು 1967ರಲ್ಲಿ ಗ್ರಾಫಿಕ್ ಆರ್ಟಿಸ್ಟ್ಸ್ ಗಿಲ್ಡ್ ಕಟ್ಟಿದ್ದು ಇದೇ ಕಾರಣಕ್ಕೆ. ಯಾವ ಕೆಲಸಕ್ಕೆ ಎಷ್ಟು, ಒಪ್ಪಂದ ಹೇಗೆ ಬರೆಯಬೇಕು ಎಂಬ ಅವರ ಕೈಪಿಡಿ ಇಂದಿಗೂ ಬಳಕೆಯಲ್ಲಿದೆ. ಹತ್ತಿರದ ಉದಾಹರಣೆಯೂ ಇದೆ. ಬೀದಿಯ ಪೇಂಟರುಗಳ ಅಕ್ಷರಗಳನ್ನು ಕಂಪ್ಯೂಟರಿನ ಫಾಂಟ್ ಮಾಡಿದ ದೆಹಲಿಯ ಕಲಾವಿದ ಹನೀಫ್ ಕುರೇಶಿ, ಫಾಂಟ್ ಮಾರಿದ ಹಣದಲ್ಲಿ ಪೇಂಟರಿಗೂ ಪಾಲು ಇಟ್ಟಿದ್ದರು.

ಕಾಕಾ ಈಗಿಲ್ಲ. ಅವರ ಮಕ್ಕಳಲ್ಲಿ ಯಾರೂ ಬ್ರಶ್ ಹಿಡಿಯಲಿಲ್ಲ, ಅದಕ್ಕೆ ನಾನು ಬೇಸರ ಪಡುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಈಗ ಡಿಸೈನ್ ಮಾಡುವ ಹುಡುಗ ಹುಡುಗಿಯರು ಕಾಕಾರ ಕಾಲದ ಪೇಂಟರುಗಳಿಗಿಂತ ಎಷ್ಟೋ ಹೆಚ್ಚು. ಅವರೆಲ್ಲ ಒಂದು ಭಾನುವಾರ ಒಟ್ಟಿಗೆ ಕೂತು ಬ್ಯಾನರಿಗೆ, ಲೋಗೋಕ್ಕೆ, ಮುಖಪುಟಕ್ಕೆ, ಎರಡನೆಯ ಸಲದ ನಂತರದ ಪ್ರತಿ ತಿದ್ದುಪಡಿಗೆ ಕನಿಷ್ಠ ದರ ಬರೆದು ಅಂಗಡಿಯ ಗೋಡೆಗೆ ಅಂಟಿಸಬೇಕು, ಅರ್ಧ ಹಣ ಮುಂಗಡ ಬಾರದೆ ಕೆಲಸ ಮುಟ್ಟಬಾರದು. ಬರೆಸುವವರಲ್ಲೂ ನನ್ನದೊಂದು ಮಾತು. ಮದುವೆಗೋ ಜಾತ್ರೆಗೋ ಪುಸ್ತಕಕ್ಕೋ ಚಿತ್ರ ಮಾಡಿಸಲು ಹೋದಾಗ ಡಿಸೈನಿನ ದರ ಎಷ್ಟು ಎಂದು ನೀವೇ ಮೊದಲು ಕೇಳಿ, ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಬರೆಸಿ, ಕೆಲಸ ಕೈಗೆ ಬಂದ ದಿನವೇ ಹಣ ಕೊಡಿ.